ಒಮ್ಮೊಮ್ಮೆ ಮರಳಿ ಬರುತ್ತೇವೆ

ಅವರು ತೀರಿಕೊಂಡ ಮೇಲೆ ನಮ್ಮ ಶಾಲೆಯವರು ಜಗತ್ ಸರ್ಕಲ್ಲಿನ ಅಂಗಡಿಯೊಂದರಲ್ಲಿ ದೊಡ್ಡ ಫ್ಲೆಕ್ಸ್ ಮಾಡಿಸಿದರು. ನಡುವೆ ಅವರ ಫೋಟೊ, ಸುತ್ತ ಹೂವಿನ ಅಂಚು, ಕೆಳಗೆ ‘ಸದಾ ಹಸನ್ಮುಖಿ, ಎಂದೂ ಕೋಪಿಸಿಕೊಳ್ಳದ ನಮ್ಮ ಪ್ರೀತಿಯ ಇಂಗ್ಲಿಷ್ ಗುರುಗಳು’ ಎಂಬ ಅಕ್ಷರ. ಶ್ರದ್ಧಾಂಜಲಿ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಅದನ್ನು ಓದಿ ಅಳುವಿನ ನಡುವೆಯೇ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದವರು ದುಃಖ ತಡೆಯಲಾಗುತ್ತಿಲ್ಲವೇನೋ ಎಂದು ಬೆನ್ನು ಸವರಿದರು. ಆ ಮನುಷ್ಯ ನಕ್ಕಿದ್ದನ್ನು ನೋಡಬೇಕೆಂದರೆ ಹಬ್ಬ ಹುಣ್ಣಿಮೆ ಬರಬೇಕಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ ಕುಳಿತಿರುತ್ತಿತ್ತು. ಬದುಕಿದ್ದರೆ ಕುರ್ಚಿ ಹಾಕಿಕೊಂಡು ಹತ್ತಿ, ಕೆಂಪು ಪೆನ್ನಿನಿಂದ ‘ಸದಾ’ ಹೊಡೆದುಹಾಕಿ ‘ಅಪರೂಪಕ್ಕೆ’ ಎಂದು ಬರೆದು, ‘ಎಂದೂ’ ಇದ್ದಲ್ಲಿ ‘ಒಮ್ಮೊಮ್ಮೆ’ ಎಂದು ತಿದ್ದಿಯೇ ಇಳಿಯುತ್ತಿದ್ದರು.

ಕಮಲಾಪುರದ ಹೈಸ್ಕೂಲಿನಲ್ಲಿ ನಾನು ಗಣಿತದವಳು, ಅವರು ಇಂಗ್ಲಿಷಿನವರು. ಇಬ್ಬರೂ ಕಲಬುರಗಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವರು. ಅವರು ಗಿಡ್ಡ ಆಳು, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬಿಸಿಲಿಗೆ ಛತ್ರಿ ಹಿಡಿಯುತ್ತಿದ್ದರು, ಮಳೆಗೆ ಮಾತ್ರ ಮರೆತು ಬರುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಕಂಡಕ್ಟರನ ಮೇಲೆ, ಸಿಕ್ಕರೆ ಗಾಳಿ ಮೇಲೆ ಸಿಟ್ಟು. ಮೊದಲ ವರ್ಷ ನಾನು ಅವರ ಪಕ್ಕ ಕೂರುವುದನ್ನೇ ತಪ್ಪಿಸುತ್ತಿದ್ದೆ.

ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಕೆಲಸ ಎಷ್ಟೆಷ್ಟು ಸಲ ನಡೆಯುತ್ತದೆ ಎಂದು ಹೇಳುವ ಪದಗಳಿವೆ. ಆಲ್ವೇಸ್, ಆಫನ್, ಸಮ್‌ಟೈಮ್ಸ್, ರೇರ್‌ಲಿ, ನೆವರ್. ಉಳಿದ ಶಿಕ್ಷಕರು ಬೋರ್ಡಿನ ಮೇಲೆ ಬರೆದು, ಎದುರಿಗೆ ವಿರುದ್ಧ ಪದ ಬರೆದು, ಗಂಟೆ ಹೊಡೆಯುವುದರೊಳಗೆ ಮುಗಿಸುವ ಪಾಠ. ಇವರಿಗೆ ಮಾತ್ರ ಅದು ವಾರಗಟ್ಟಲೆ ಸಾಗುತ್ತಿತ್ತು. ಕಿಟಕಿಯ ಸರಳಿನಿಂದ ಬಾಗಿಲ ಚಿಲಕದವರೆಗೆ ತರಗತಿಗೆ ಅಡ್ಡಲಾಗಿ ಹಗ್ಗ ಕಟ್ಟುತ್ತಿದ್ದರು. ಕಿಟಕಿಯ ತುದಿಗೆ ಆಲ್ವೇಸ್, ಬಾಗಿಲ ತುದಿಗೆ ನೆವರ್, ನಡುವೆ ಉಳಿದವು, ರಟ್ಟಿನ ಮೇಲೆ ಬರೆದು ತೂಗುಬಿಟ್ಟವು. ಮಕ್ಕಳು ಒಬ್ಬೊಬ್ಬರೇ ಎದ್ದು ಬಂದು ತಮ್ಮ ಪದದ ಕೆಳಗೆ ನಿಂತು ತಮ್ಮದೇ ವಾಕ್ಯ ಹೇಳಬೇಕು. ಗೈಡಿನ ವಾಕ್ಯ ನಡೆಯುವುದಿಲ್ಲ.

ಒಬ್ಬ ಆಲ್ವೇಸ್ ಕೆಳಗೆ ನಿಂತು, ತಾನು ಯಾವಾಗಲೂ ಸತ್ಯವನ್ನೇ ಹೇಳುವುದಾಗಿ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಒದರಿದ್ದನ್ನು ಬಾಗಿಲಲ್ಲಿ ನಿಂತು ನಾನೇ ಕೇಳಿದ್ದೇನೆ.

“ಯಾವಾಗ್ಲೂ?” ಅಂದರು ಸರ್. “ನಿನ್ನಿ ಹೋಮ್‌ವರ್ಕ್ ಮನ್ಯಾಗ ಬಿಟ್ಟು ಬಂದೀನಿ ಅಂದಿದ್ದು?”

ಹುಡುಗ ಸುಮ್ಮನೆ ಎರಡು ಹೆಜ್ಜೆ ಸರಿದು ಆಫನ್ ಕೆಳಗೆ ನಿಂತ. ಸರ್ ಅವನನ್ನೇ ನೋಡುತ್ತಿದ್ದರು. ಮತ್ತೆ ಸರಿದು ಸಮ್‌ಟೈಮ್ಸ್ ಕೆಳಗೆ ನಿಂತ. ತರಗತಿಯೆಲ್ಲ ನಗುತ್ತಿತ್ತು.

“ಆಲ್ವೇಸ್ ಅನ್ನೋದು ಬಾಳ ಒಜ್ಜಿ ಶಬ್ದ ಅದ,” ಅಂದರು. “ಎತ್ತೋಕಿಂತ ಮೊದ್ಲ ತೋಳಿನ ರಟ್ಟಿ ನೋಡ್ಕೋಬೇಕು. ನೆವರ್‌ನೂ ಅಷ್ಟೇ. ಇವೆರಡು ಎದುರಾ ಎದುರಾ ನಿಂತ್ ಜಗಳಾಡ್ತಾವ. ಆಫನ್‌ಗೆ ಎದುರ ರೇರ್‌ಲಿ ಅದ. ಸಮ್‌ಟೈಮ್ಸ್‌ಗೆ ಮಾತ್ರ ಎದುರ ಯಾರೂ ಇಲ್ಲ. ಅದು ನಡುವ ಒಂದೇ ನಿಂತದ. ಖರೇ ಮಾತ ಬಾಳ ಮಟ್ಟಿಗೆ ಅಲ್ಲೇ ಸಿಗ್ತದ.”

ಬಾಳೆ ತೋಟದವರ ಮಗಳೊಬ್ಬಳು, ನಾವು ಯಾವಾಗಲೂ ಕೆಂಪು ಬಾಳೆ ಬೆಳೆಯುತ್ತೇವೆ, ಅಪರೂಪಕ್ಕೆ ತಿನ್ನುತ್ತೇವೆ ಎಂದು ಹೇಳಿದ್ದಳಂತೆ. ಅದನ್ನು ಅವರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಆ ದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಯ ಮುಂದೆ ನಿಂತು, ರೇಟು ಕೇಳಿ, ಗೊಣಗಿ, ಕೊಳ್ಳದೆ ಬಸ್ ಹತ್ತಿದರು.

ಅವರ ಹೆಂಡತಿ ನನ್ನ ಮುಂದೆ ಒಮ್ಮೆ ದೂರಿದ್ದರು. “ಇವರ ಜೋಡಿ ಜಗಳಾ ಆಡೋದೂ ಬ್ಯಾಸರ ರೀ. ನೀವ್ ಯಾವಾಗ್ಲೂ ತಡಾ ಮಾಡ್ತೀರಿ ಅಂತೀನಿ. ಯಾವಾಗ್ಲೂ ಅಲ್ಲ, ಆಗಾಗ ಅಂತಾರ. ನನ್ನ ಮಾತ ನೀವ್ ಎಂದೂ ಕೇಳಂಗಿಲ್ಲ ಅಂತೀನಿ. ಹ್ವಾದ ವಾರ ಒಮ್ಮಿ ಕೇಳೀನಿ ಅಂತಾರ. ಮನ್ಸಿಗೆ ಬಂದಂಗ ಬೈಯಾಕೂ ಕೊಡಂಗಿಲ್ಲ.” ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಸರ್ ಅದನ್ನು ಕೇಳಿಸಿಕೊಂಡು, ಹೋದ ವಾರವಲ್ಲ ಅದರ ಹಿಂದಿನ ವಾರ ಎಂದು ತಿದ್ದಿ ಹೋದರು.

ನಮ್ಮ ಶಾಲೆಯಲ್ಲಿ ಸರಿ ಉತ್ತರ ಹೇಳಿದವರಿಗೆ ಚಪ್ಪಾಳೆ ಹೊಡೆಸುವ ರೂಢಿ. ‘ಒನ್ ಟೂ ತ್ರೀ’ ಎಂದು ಇಡೀ ತರಗತಿ ಲೆಕ್ಕಕ್ಕೆ ಸರಿಯಾಗಿ ಒಟ್ಟಿಗೆ ಹೊಡೆಯುವ ಚಪ್ಪಾಳೆ ಅದು. ಗೋಡೆ ದಾಟಿ ಕೇಳುತ್ತದೆ. ಯಾರ ತರಗತಿಯಲ್ಲಿ ಎಷ್ಟು ಚಪ್ಪಾಳೆ ಬಿತ್ತೆಂದು ಹೆಡ್‌ಮಾಸ್ತರರು ತಮ್ಮ ಕೋಣೆಯಲ್ಲೇ ಕುಳಿತು ಅಂದಾಜು ಮಾಡುತ್ತಿದ್ದರು. ಇಂಗ್ಲಿಷ್ ಸರ್ ತರಗತಿಯಿಂದ ಮಾತ್ರ ಒಂದೂ ಚಪ್ಪಾಳೆ ಬರುತ್ತಿರಲಿಲ್ಲ. ನನಗೆ ಬಾಯಿ ತುರಿಕೆ ಜಾಸ್ತಿ. ಒಂದು ದಿನ ಬಸ್ಸಿನಲ್ಲಿ ಕೆಣಕಿದೆ.

“ಯಾಕ್ರಿ ಸರ್, ನಿಮ್ಮ ಕ್ಲಾಸಿನ್ಯಾಗ ಯಾರೂ ಸರಿ ಉತ್ತರ ಹೇಳಂಗಿಲ್ಲೇನು?”

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಬಸ್ ಕೆಟ್ಟು ನಿಂತಿತು. ಬೇರೆ ಬಸ್ ಬರುವವರೆಗೆ ಎಲ್ಲರೂ ಬೇವಿನ ಮರದ ಕೆಳಗೆ ನಿಂತೆವು. ಆಗ ತಾವಾಗಿಯೇ ಶುರು ಮಾಡಿದರು.

“ನಾ ಈ ಸಾಲಿಗೆ ಹೊಸದಾಗಿ ಬಂದಾಗಿನ ಮಾತು ಮೇಡಂ. ದಸರಾ ಸೂಟಿ ಮುಗದಿತ್ತು. ಎಂಟನೇ ಕ್ಲಾಸಿನ್ಯಾಗ ರೇಣುಕಾ ಅಂತ ಒಬ್ಬಾಕಿ ಹುಡುಗಿ. ಮಾತ ಆಡಾಕಿ ಅಲ್ಲ. ಅವತ್ತ ತಾನಾಗೇ ಎದ್ದ ಬಂದು ಹಗ್ಗದ ಕೆಳಗ ನಿಂತ್ಲು. ವಿ ಆಲ್ವೇಸ್ ಗೋ ಟು ಪುಣೆ ಆಫ್ಟರ್ ದೀಪಾವಳಿ ಅಂದ್ಲು. ಆಮ್ಯಾಲ ಸರದು ನಡುವ ಬಂದು, ವಿ ಸಮ್‌ಟೈಮ್ಸ್ ಕಮ್ ಬ್ಯಾಕ್ ಅಂದ್ಲು.”

ದೀಪಾವಳಿ ಆದ ಮೇಲೆ ನಾವು ಯಾವಾಗಲೂ ಪುಣೆಗೆ ಹೋಗುತ್ತೇವೆ. ಒಮ್ಮೊಮ್ಮೆ ಮರಳಿ ಬರುತ್ತೇವೆ. ಕಟ್ಟಡದ ಕೆಲಸಕ್ಕೆ ನಮ್ಮ ಕಡೆಯಿಂದ ಮನೆಮಂದಿಯೆಲ್ಲ ಗಂಟು ಕಟ್ಟಿಕೊಂಡು ಹೋಗುವುದು ನಮಗೆಲ್ಲ ಗೊತ್ತಿದ್ದದ್ದೇ.

“ಒಂದು ತಪ್ಪಿರ್ಲಿಲ್ಲ ಮೇಡಂ,” ಅಂದರು. “ಶಬ್ದ ಎಲ್ಲಿ ಬರಬೇಕೋ ಅಲ್ಲೇ ಬಂದಿತ್ತು. ನನಗ ಏನು ಖುಷಿ. ವೆರಿ ಗುಡ್ ಅಂದೆ. ಎಲ್ಲಾರ ಕಡಿಂದ ಚಪ್ಪಾಳಿ ಹೊಡಸ್ದೆ. ಕುಂದರು ಅಂದೆ. ಅಕಿ ಒಂದ್ ಘಳಿಗಿ ಹಂಗೇ ನಿಂತಿದ್ಲು. ಕುಂದರವಾ, ಮುಂದಿನವ್ರು ಬರ್ಲಿ ಅಂದೆ. ದೀಪಾವಳಿ ಆತು. ಅಕಿ ಬರ್ಲಿಲ್ಲ.”

ನಾನು ಯಾರಾದರೂ ಹೇಳುವಂಥದ್ದನ್ನೇ ಹೇಳಿದೆ. “ಅದ್ರಾಗ ನಿಮ್ಮ ತಪ್ಪೇನದ ಸರ್. ಹೋಗೋರು ಹೋಗೇ ಹೋಗ್ತಾರ.”

ಅವರು ತಲೆಯಾಡಿಸಿ ಛತ್ರಿ ಬಿಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ಮರದ ನೆರಳು ಅಲ್ಲಿಗೆ ಬರುತ್ತಿರಲಿಲ್ಲ. ಇದನ್ನು ಅವರು ಸ್ಟಾಫ್ ರೂಮಿನಲ್ಲಿಯೂ ಹಿಂದೆ ಹೇಳಿಕೊಂಡಿದ್ದರಂತೆ. ಎಲ್ಲರೂ ನನ್ನ ಹಾಗೆಯೇ ಸಮಾಧಾನ ಹೇಳಿ, ಚಹಾ ತರಿಸಿ, ಬೇರೆ ಮಾತಿಗೆ ಹೋಗಿದ್ದರು.

ಆಮೇಲೆ ಅವರ ನಡವಳಿಕೆಯ ಎಷ್ಟೋ ಸಂಗತಿ ನನಗೆ ತಿಳಿಯುತ್ತಾ ಹೋಯಿತು. ಮಗು ವಾಕ್ಯ ಹೇಳಿದ ಕೂಡಲೇ ಅವರು ಚಾಕ್ ಕೆಳಗಿಟ್ಟು, “ಖರೇನಾ?” ಎಂದು ಕನ್ನಡದಲ್ಲಿ ಕೇಳುತ್ತಿದ್ದರು. ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ, ಮತ್ತೊಂದು. ಹೀಗಾಗಿ ಪಾಠ ಮುಂದೆ ಹೋಗುತ್ತಿರಲಿಲ್ಲ. ಸಿಲೆಬಸ್ ಉಳಿಯುತ್ತಿತ್ತು. ಹೆಡ್‌ಮಾಸ್ತರರು ಕರೆದು ಬೈದರೆ ಎದುರು ಬೈದು ಬರುತ್ತಿದ್ದರು. ಮಕ್ಕಳೇನು ಕಡಿಮೆಯೇ, ದುಃಖದ ವಾಕ್ಯಕ್ಕೆ ಸರ್ ಹೆಚ್ಚು ಹೊತ್ತು ನಿಲ್ಲುತ್ತಾರೆಂದು ಅವಕ್ಕೆ ಗೊತ್ತಾಯಿತು. ಪರೀಕ್ಷೆ ಹತ್ತಿರ ಬಂದ ಹಾಗೆ ಎಲ್ಲರ ಮನೆಯಲ್ಲೂ ಕಷ್ಟ ಹೆಚ್ಚಾಯಿತು.

ಒಬ್ಬ ಹುಡುಗ, ನಮ್ಮಪ್ಪ ನನಗೆ ಆಗಾಗ ಹೊಡೆಯುತ್ತಾನೆ ಎಂದು ಆಫನ್ ಕೆಳಗೆ ನಿಂತು ಹೇಳಿದ. ಸರ್ ಅದೇ ಸಂಜೆ ಅವನ ಮನೆ ಹುಡುಕಿಕೊಂಡು ಹೋದರು. ಅವರಿಗೆ ಸಂಜೆಯ ಬಸ್ ತಪ್ಪಿತು. ಮರುದಿನ ಏನಾಯಿತೆಂದು ಕೇಳಿದೆ. ಅಪ್ಪ ಟೇಲರ್, ಸೂಜಿಗೆ ದಾರ ಪೋಣಿಸುವಾಗಲೂ ಸೂಜಿಗೆ ನೋವಾದೀತೆಂದು ಹೆದರುವಂಥ ಆಸಾಮಿ. ಸರ್ ಬಂದದ್ದಕ್ಕೆ ಗಾಬರಿಯಾಗಿ ಎರಡೆರಡು ಸಲ ಚಹಾ ಕುಡಿಸಿದನಂತೆ. ಅಷ್ಟರಲ್ಲಿ ಒಳಗಿನಿಂದ ತಾಯಿ ಸೌಟು ಹಿಡಿದು ಬಂದಳು.

“ಫಾದರ್ ಅಲ್ಲ ಮೇಡಂ, ಮದರ್,” ಅಂದರು ಗಂಭೀರವಾಗಿ. “ಆಫನ್ ಅನ್ನೋದು ಖರೇ ಅದ.”

ಯುಗಾದಿಯ ಆಸುಪಾಸಿಗೆ ಪುಣೆಯಿಂದ ಬರುವ ಬಸ್ಸುಗಳು ಕಮಲಾಪುರದಲ್ಲಿ ಜನರನ್ನು ಇಳಿಸುತ್ತವೆ. ಗಂಟು, ಮೂಟೆ, ಪ್ಲಾಸ್ಟಿಕ್ ಕೊಡ, ನಿದ್ದೆಗಣ್ಣಿನ ಮಕ್ಕಳು. ನಮ್ಮ ಬಸ್ಸಿನಿಂದ ಇಳಿದು ನಾವೆಲ್ಲ ಪ್ರಾರ್ಥನೆಯ ಗಂಟೆಗೆ ಓಡುತ್ತಿದ್ದರೆ ಇವರು ಆ ಬಸ್ಸಿನ ಕಡೆ ಹೋಗುತ್ತಿದ್ದರು. ರೇಣುಕಾಳ ಓಣಿಯ ಹೆಸರು ಹೇಳಿ, ಅವಳ ಅಪ್ಪನ ಹೆಸರು ಹೇಳಿ ವಿಚಾರಿಸುತ್ತಿದ್ದರು. ಪುಣೆ ಏನು ಸಣ್ಣ ಊರೇ. ಅಲ್ಲೇ ಮದುವೆಯಾಯಿತಂತೆ ಎಂದು ಒಬ್ಬರು, ಅವರಪ್ಪ ತೀರಿಕೊಂಡನಂತೆ ಎಂದು ಇನ್ನೊಬ್ಬರು ಹೇಳಿದರು. ಕಲಬುರಗಿಯಲ್ಲಿ ಮನೆಗೆ ಹತ್ತಿರದ ಶಾಲೆಗೆ ವರ್ಗಾವಣೆ ತೆಗೆದುಕೊಳ್ಳುವ ಅವಕಾಶ ಬಂದಾಗಲೂ ಅವರು ಬೇಡವೆಂದರು. ತಿರುಗಿ ಬಂದರೆ ಅವಳು ಈ ಶಾಲೆಗೇ ಬರುತ್ತಾಳೆ, ಬೇರೆಲ್ಲಿ ಹುಡುಕಬೇಕು ಎಂದು ಅವರ ವಾದ. ಇದೇನು ಹುಚ್ಚು ಎಂದು ನಾನು ಅವರ ಮುಂದೆಯೇ ಅಂದಿದ್ದೇನೆ.

ಹೋದ ವರ್ಷ ಮಳೆಗಾಲದಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ತಮ್ಮನ ಟಿ.ಸಿ. ಒಯ್ಯಲು ಶಾಲೆಗೆ ಬಂದ. ನಂದೂರಿನ ಬೇಳೆ ಮಿಲ್ಲುಗಳಿಗೆ ಗಾಡಿ ಓಡಿಸುವವನು. ಮಾತಿಗೆ ಮಾತು ಬಂದು, ರೇಣುಕಾ ಅಲ್ಲೇ ಒಂದು ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಕೆಲಸಕ್ಕಿದ್ದಾಳೆ, ಗಂಡ ಮಕ್ಕಳ ಜೊತೆ ಪುಣೆಯಿಂದ ಬಂದು ಆಗಲೇ ಎರಡು ವರ್ಷವಾಯಿತು ಎಂದ. ಸರ್ ಮನೆಯಿಂದ ನಂದೂರಿಗೆ ಸಿಟಿ ಬಸ್ಸಿದೆ. ಆದರೆ ಅವರು ಹೋಗಲಿಲ್ಲ. ನಾಳೆ ಅಂದರು, ಈ ಶನಿವಾರ ಅಂದರು, ತಿಂಗಳಾಯಿತು. ನನಗೆ ತಡೆಯಲಾಗಲಿಲ್ಲ.

“ಇಷ್ಟು ವರ್ಷ ಪುಣೆ ಬಸ್ಸಿನ ಮುಂದ ನಿಂತ್ರಿ. ಈಗ ನಂದೂರ ಬಸ್ ಹತ್ತಾಕ ಏನಾಗ್ಯಾದ?”

“ಹೆದರಿಕಿ ಬರಾಕತ್ತದ ಮೇಡಂ,” ಅಂದರು. ಆ ಧ್ವನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನೇ ಅವರನ್ನು ಕರೆದುಕೊಂಡು ಹೋದೆ.

ಊಟದ ಹೊತ್ತಿಗೆ ಮಿಲ್ಲಿನ ಗೇಟಿನಿಂದ ಹೆಂಗಸರು ಹೊರಗೆ ಬಂದರು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು, ಮುಖದ ಮೇಲೆ ತೊಗರಿಯ ಹಳದಿ ಧೂಳು. ವಾಚ್‌ಮನ್ ಒಬ್ಬಳನ್ನು ಕೂಗಿ ಕರೆದ. ಅವಳು ನಮ್ಮಿಬ್ಬರನ್ನೂ ನೋಡಿದಳು. ಸರ್ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಇಂಗ್ಲಿಷ್ ಸರ್ ಹೌದಲ್ರಿ?” ಎಂದಳು. ಕಾಲು ಮುಟ್ಟಲು ಬಗ್ಗಿದಳು. ಸರ್ ಹಿಂದೆ ಸರಿದರು. ಏನೂ ಪೀಠಿಕೆ ಹಾಕಲಿಲ್ಲ.

“ರೇಣುಕಾ, ಒಂದು ಕೇಳ್ತೀನಿ. ನನ್ನ ಮನ್ಸಿಗೆ ಚಲೋ ಅನಸ್ಲಿ ಅಂತ ಹೇಳಬ್ಯಾಡ. ಹಗ್ಗದ ಕೆಳಗ ನಿಂತು ಪುಣಾಕ ಹೋಗ್ತೀವಿ ಅಂತ ಹೇಳಿದ್ದಿ ಅಲ್ಲಾ, ಅವತ್ತ ನಾ ನಿಮ್ಮ ಮನಿಗೆ ಬಂದು ನಿಮ್ಮಪ್ಪಗ ಹೇಳಿದ್ರ, ನೀ ಸಾಲಿಯೊಳಗ ಉಳೀತಿದ್ದೇನು?”

ಈಗ ಇವಳು, ಬಿಡ್ರಿ ಸರ್ ಅದೆಲ್ಲ ಹಳೇ ಮಾತು ಅನ್ನುತ್ತಾಳೆ, ಇವರು ಕಣ್ಣು ಒರೆಸಿಕೊಳ್ಳುತ್ತಾರೆ, ನಾವು ಮನೆಗೆ ಹೋಗುತ್ತೇವೆ ಎಂದು ನಾನು ಲೆಕ್ಕ ಹಾಕಿದ್ದೆ. ಅವಳು ತಲೆಯ ಬಟ್ಟೆ ಬಿಚ್ಚಿ ಧೂಳು ಕೊಡವಿದಳು. ಯೋಚಿಸಿದಳು.

“ಉಳೀತಿದ್ದೆ ರೀ,” ಎಂದಳು. “ನಮ್ಮ ಆಯಿ, ಅಪ್ಪನ ಅವ್ವ, ಊರಾಗೇ ಇದ್ಲು. ಹುಡುಗಿನ್ನ ನನ್ನ ಕಡೆ ಬಿಟ್ಟು ಹೋಗು ಅಂತ ಅಪ್ಪನ ಜೋಡಿ ದಿನಾ ಜಗಳಾಡ್ತಿದ್ಲು. ಸಾಲಿ ಸರ್ರು ಯಾರರೆ ಬಂದ್ ಒಂದ್ ಮಾತ ಹೇಳಿದ್ರ ಅಪ್ಪ ಕೇಳ್ತಿದ್ದ. ಅದಕ್ಕೇ ನಾ ಅವತ್ತ ಎದ್ದ ಬಂದು ಹೇಳಿದ್ದು.”

ಅದರಲ್ಲಿ ಸಿಟ್ಟಿರಲಿಲ್ಲ. ಯಾರೋ ದಾರಿ ಕೇಳಿದ್ದಕ್ಕೆ ಹೇಳಿದ ಹಾಗಿತ್ತು.

“ನನ್ನಿಂದ ತಪ್ಪಾತವ್ವ,” ಅಂದರು ಸರ್.

“ಹೌದ್ರಿ,” ಎಂದಳು.

ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ವಯಸ್ಸಾದ ಮನುಷ್ಯ ಇಷ್ಟು ದೂರ ಬಂದು ನಿಂತಿದ್ದಾನೆ, ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು. ಸರ್ ಮಾತ್ರ ಅಲ್ಲೇ ನಿಂತು, ಮಕ್ಕಳೆಷ್ಟು, ಏನು ಓದುತ್ತಾರೆ ಎಂದು ಕೇಳತೊಡಗಿದ್ದರು. ದೊಡ್ಡವಳು ಪೂಜಾ, ಏಳನೇ ತರಗತಿ. ಸಣ್ಣವನಿಗೆ ಇನ್ನೂ ಶಾಲೆಯಿಲ್ಲ.

“ದೀಪಾವಳಿ ಆದಮ್ಯಾಲ ಇಲ್ಲೇ ಇರ್ತೀರೇನು?” ಎಂದು ಕೇಳಿದರು.

ರೇಣುಕಾ ಬಟ್ಟೆಯನ್ನು ಮತ್ತೆ ತಲೆಗೆ ಸುತ್ತಿಕೊಂಡಳು. “ಇಲ್ಲಿ ಕೆಲಸ ಕಡಿಮಿ ಆಗ್ಯಾದ್ರಿ. ನಮ್ಮನಿಯವ್ರು ಮತ್ತ ಪುಣಾಕ ಹೋಗೋಣು ಅನ್ನಾಕತ್ತಾರ.”

“ಪೂಜಾ?”

“ಅಕಿನ್ನ ಎಲ್ಲಿ ಬಿಡೋಣ್ರಿ.”

ಒಳಗೆ ಸೈರನ್ ಆಯಿತು, ಅವಳು ಹೋದಳು. ಹಿಂತಿರುಗುವಾಗ ಆಟೋದಲ್ಲಿ ನಾನು ರೇಣುಕಾಳನ್ನು ಬೈದೆ. ಅವರು ನನ್ನನ್ನು ಅರ್ಧಕ್ಕೇ ತಡೆದರು.

“ನೀವೆಲ್ಲಾ ತಪ್ಪಿಲ್ಲ ತಪ್ಪಿಲ್ಲ ಅಂತ ನನ್ನ ಬಾಯಿ ಮುಚ್ಚಸ್ತಿದ್ರಿ ಮೇಡಂ. ತಪ್ಪೇ ಇಲ್ಲಂದ್ರ ಮಾಡೋದಾದ್ರೂ ಏನದ? 
ಅಕಿ ಹೌದ್ರಿ ಅಂದ್ಲು. ಈಗ ಏನರೆ ಮಾಡಾಕ ಬರ್ತದ.”

ನಾನು ಹೊರಗೆ ನೋಡುತ್ತಾ ಕುಳಿತೆ. ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕುಳಿತು ನಾನು ಅವರಿಗೆ ಹೇಳಿದ ಸಮಾಧಾನವೆಲ್ಲ ನನ್ನ ಅನುಕೂಲಕ್ಕೆ ಹೇಳಿದ್ದು, ಅವರು ಸುಮ್ಮನಾಗಲಿ ಎಂದು ಹೇಳಿದ್ದು. ಅದು ಆವತ್ತು ಆಟೋದಲ್ಲಿ ನನಗೆ ಗೊತ್ತಾಯಿತು.

ಮರುದಿನ ಸಂಜೆ ಇಬ್ಬರೂ ರೇಣುಕಾಳ ಮನೆಗೆ ಹೋದೆವು. ಮಿಲ್ಲುಗಳ ಹಿಂದೆ ತಗಡಿನ ಮನೆ. ರೇಣುಕಾಳ ಗಂಡ ಹೊರಗೆ ಸೈಕಲ್ಲಿನ ಚೈನು ಹಾಕುತ್ತಿದ್ದ. ನಮ್ಮ ಮಾತನ್ನು ಪೂರ್ತಿ ಕೇಳಿ, ಕೈ ಒರೆಸಿಕೊಂಡು, ನ್ಯಾಯವಾದದ್ದನ್ನೇ ಕೇಳಿದ.

“ನೀವ್ ಯಾರ್ರಿ? ನಮ್ಮ ಹುಡುಗಿ ನಮ್ಮ ಜೋಡಿ ಬಂದ್ರ ನಿಮಗೇನು ತ್ರಾಸು?”

“ನಿಮ್ಮ ಹೆಂಡ್ತಿ ಸಾಲಿ ಬಿಡಾಕ ನಾ ಕಾರಣ,” ಅಂದರು ಸರ್.

ಅವನು ಹೆಂಡತಿಯ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವಳು ತಲೆಯಾಡಿಸಿದಳು. ಅವಳ ಹಿಂದೆ ಪೂಜಾ, ಎರಡು ಜಡೆ, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಕಲಬುರಗಿಯಲ್ಲೇ ಹುಡುಗಿಯರ ಹಾಸ್ಟೆಲ್ಲಿದೆ, ಸೀಟು ಕೊಡಿಸುವುದು ತನ್ನ ಜವಾಬ್ದಾರಿ ಎಂದು ಸರ್ ಹೇಳಿದರು. ಗಂಡ ಸೈಕಲ್ಲನ್ನು ಗೋಡೆಗೆ ಆನಿಸಿ ನಿಲ್ಲಿಸಿದ.

“ಹಾಸ್ಟೆಲಿನ್ಯಾಗ ಎಲ್ಲಾರ ಮನಿಯವ್ರು ಐತಾರ ಬರ್ತಾರ. ನಮ್ಮ ಹುಡುಗಿ ಒಬ್ಬಾಕೇ ಗೇಟ್ ನೋಡ್ಕೋತ ಕುಂದ್ರಬೇಕೇನ್ರಿ? ಏನರೆ ಆದ್ರ ಯಾರ ಮುಂದ ಹೇಳ್ಕೋಬೇಕು? ಪುಣಾದಾಗ ನನಗ ನಿದ್ದಿ ಹತ್ತತದೇನು?”

“ಐತಾರ ನಾ ಬರ್ತೀನಿ.”

“ಒಂದ್ ತಿಂಗಳ ಬಂದು ಬಿಡ್ತೀರಿ. ಆಮ್ಯಾಲ?”

“ಯಾವಾಗ್ಲೂ ಬರ್ತೀನಿ,” ಅಂದರು ಸರ್.

ನಾನು ತಿರುಗಿ ಅವರ ಮುಖ ನೋಡಿದೆ. ಹೆಂಡತಿಯ ಜೊತೆ ಜಗಳದಲ್ಲೂ ಆ ಮಾತನ್ನು ಒಪ್ಪದ ಮನುಷ್ಯ.

“ಒಂದ್ ಐತಾರ ತಪ್ಪಿತು ಅಂತ ಗೊತ್ತಾದ್ರ ನಾ ಬಂದ್ ಕರ್ಕೊಂಡ್ ಹೋಗ್ತೀನಿ ನೋಡ್ರಿ,” ಎಂದ ಗಂಡ. ಹೆದರಿಸುವ ಮಾತಲ್ಲ ಅದು. ಮಗಳನ್ನು ಬಿಟ್ಟು ಹೋಗಲು ಅವನಿಗೂ ಏನಾದರೊಂದು ಹಿಡಿ ಬೇಕಿತ್ತು.

ದೀಪಾವಳಿ ಮುಗಿಸಿ ಗಂಡ ಹೆಂಡತಿ ಸಣ್ಣವನನ್ನು ಎತ್ತಿಕೊಂಡು ಪುಣೆಗೆ ಹೋದರು. ಪೂಜಾ ಹಾಸ್ಟೆಲ್ ಸೇರಿದಳು. ಭಾನುವಾರ ಬಂತೆಂದರೆ ಸರ್ ಹೋಗುತ್ತಿದ್ದರು. ಜ್ವರ ಬಂದ ವಾರ ಹೆಂಡತಿ ಬೇಡವೆಂದು ಬಾಗಿಲಿಗೆ ಅಡ್ಡ ನಿಂತರೆ, ಅವರನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದರು. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಇಂಗ್ಲಿಷ್ ಕಲಿಸುತ್ತಾರೇನೋ ಎಂದುಕೊಂಡಿದ್ದೆ, ಅದರ ಸುದ್ದಿಯೇ ಇಲ್ಲ. ಹಾಸ್ಟೆಲ್ ಅಂಗಳದ ಕಟ್ಟೆಯ ಮೇಲೆ ಕುಳಿತು ಊಟ ಹೇಗಿದೆ ಎಂದು ಕೇಳುತ್ತಿದ್ದರು. ಚಲೋ ಅದ ರೀ ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳುತ್ತಿದ್ದರು. ಆಗ, ಬ್ಯಾಳಿ ನೀರಾಗಿರ್ತದ ರೀ ಎನ್ನುತ್ತಿದ್ದಳು. ಮೊದಲನೇ ಉತ್ತರ ಮರ್ಯಾದೆಗೆ ಹೇಳುವುದಂತೆ, ಎರಡನೆಯದಕ್ಕೆ ಕಾಯಬೇಕಂತೆ. ಅವಳನ್ನು ಮಾತಾಡಿಸಿ ಹೊರಗೆ ಬಂದಾಗ ಆ ಮನುಷ್ಯ ನಕ್ಕಿದ್ದನ್ನು ನೋಡಿದ್ದೇನೆ.

ಈ ಸಲದ ದೀಪಾವಳಿಗೆ ಬಂದಿದ್ದ ರೇಣುಕಾ ಮತ್ತು ಗಂಡ ಮತ್ತೆ ಪುಣೆಗೆ ಹೋದರು. ಪೂಜಾ ಈಗ ಎಂಟನೇ ತರಗತಿ. ಚಳಿ ಶುರುವಾದಾಗ ಒಂದು ಬೆಳಿಗ್ಗೆ ಸರ್ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದಿದ್ದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು.

ಸರ್ ಮನೆಯ ತಿಥಿ ಕಾರ್ಯಕ್ಕೆ ರೇಣುಕಾಳ ಗಂಡ ಪುಣೆಯಿಂದ ಬಂದ. ಫೋಟೊಗೆ ಕೈಮುಗಿದು, ಚಪ್ಪಲಿ ಬಿಟ್ಟ ಜಾಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ.

“ಸರ್ ಮಾತ ಉಳಿಸ್ಕೊಂಡ್ರು ರೀ ಟೀಚರ್. ಇನ್ನ ಹುಡುಗಿಗೆ ಐತಾರ ಯಾರ್ರಿ? ಹೇಳ್ರಿ, ಇಲ್ಲಾಂದ್ರ ಈಗೇ ಕರ್ಕೊಂಡ್ ಹೋಗ್ತೀನಿ.”

“ನಾ ಇದ್ದೀನಲ್ಲ,” ಅಂದೆ. “ನೀವ್ ಕಾಳಜಿ ಮಾಡಬ್ಯಾಡ್ರಿ.” ಸತ್ತವರ ಮನೆಯಲ್ಲಿ ಬಾಯಿಗೆ ತಾನಾಗಿ ಬರುವಂಥ ಮಾತು ಅದು. ಅವನು ನಂಬಿ ಪುಣೆಯ ಬಸ್ ಹತ್ತಿದ.

ಮುಂದಿನ ಭಾನುವಾರ ನಾನು ಹೋದೆ. ಅದರ ಮುಂದಿನ ವಾರ ನಮ್ಮ ನಾದಿನಿಯ ಮಗನ ಮದುವೆ ಬಂತು. ಆಮೇಲೆ ಪೇಪರ್ ತಿದ್ದುವುದಿತ್ತು, ಸೊಂಟ ನೋಯುತ್ತಿತ್ತು, ನಾಳೆ ಸಂಜೆ ಹೋದರಾಯಿತು ಅಂದುಕೊಂಡೆ, ಸಂಜೆ ಯಾರೋ ಮನೆಗೆ ಬಂದರು. ಹಾಸ್ಟೆಲ್ ನಮ್ಮ ಮನೆಯಿಂದ ಆಟೋದಲ್ಲಿ ಕಾಲು ಗಂಟೆಯ ದಾರಿ. ಒಂದೊಂದು ವಾರಕ್ಕೂ ನನ್ನ ಬಳಿ ಒಂದೊಂದು ಕಾರಣವಿತ್ತು, ಒಂದೂ ಸುಳ್ಳಲ್ಲ. ಆ ಶ್ರದ್ಧಾಂಜಲಿ ಸಭೆ ನಡೆದದ್ದೂ ಈ ನಡುವೆಯೇ. ವೇದಿಕೆ ಹತ್ತಿ ಸರ್ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಕೆಳಗಿಳಿದು ಬಂದು ಕುಳಿತ ಮೇಲೆ ತಪ್ಪಿಸಿದ ಭಾನುವಾರಗಳನ್ನು ಬೆರಳಲ್ಲಿ ಎಣಿಸಿದೆ.

ಹೋದ ಭಾನುವಾರ ಹೋದೆ. ಚಿತ್ತಾಪುರದಿಂದಲೋ ಎಲ್ಲಿಂದಲೋ ಬಂದ ಅಪ್ಪ ಅಮ್ಮಂದಿರು ಅಂಗಳದ ತುಂಬ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಪೂಜಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಒಬ್ಬಳೇ ಇದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಓಡಿ ಕುರ್ಚಿ ತಂದಳು. ನಾನು ಕೂರುವ ಮೊದಲೇ ಶುರು ಮಾಡಿದೆ.

“ನಮ್ಮ ಮನ್ಯಾಗ ಮದುವಿ ಇತ್ತವ್ವ. ಆಮ್ಯಾಲ ಪೇಪರ್ ತಿದ್ದೋದು ಬಂತು, ಮತ್ತ...”

“ಇರ್ಲಿ ರೀ ಟೀಚರ್,” ಎಂದಳು.

ಊಟ ಹೇಗಿದೆ ಎಂದು ಕೇಳಿದೆ. ಚಲೋ ಅದ ರೀ ಎಂದಳು. ಮತ್ತೊಮ್ಮೆ ಕೇಳಬೇಕೆಂಬುದು ನೆನಪಿತ್ತು, ಕೇಳುವ ಮುಖವಿರಲಿಲ್ಲ. ಅವಳು ವಾರ್ಡನ್ ಕೋಣೆಯ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಗ್ಗಿ, ದನಿ ಇಳಿಸಿ ಹೇಳಿದಳು.

“ಅಪ್ಪ ವಾರ್ಡನ್ ಮೇಡಂ ಫೋನಿಗೆ ಹಚ್ಚಿದ್ದ ರೀ. ಟೀಚರ್ ಬರ್ತಾರೇನು ಅಂತ ಕೇಳ್ದ. ಯಾವಾಗ್ಲೂ ಬರ್ತಾರ ಅಂತ ಹೇಳೀನಿ. ನಿಮಗ ಫೋನ್ ಬಂದ್ರ ನೀವೂ ಹಂಗೇ ಹೇಳ್ರಿ ಟೀಚರ್. ಇಲ್ಲಾಂದ್ರ ಕರ್ಕೊಂಡ್ ಹೋಗ್ತಾನ.”